ಹೃದಯದೊಳಗೆ ಎಣಿಸುವ ತಾಳ

(ಸಂತ ಸಿಸಿಲಿಯಮ್ಮನವರ ಹಬ್ಬದಂದು ಪ್ರೌಢಶಾಲೆಯ ಬ್ಯಾಂಡ್ ತಂಡದ ಮಕ್ಕಳಿಗೂ ಪೋಷಕರಿಗೂ ನೀಡಿದ ಪ್ರಬೋಧನೆ)



ಇಂದು ನವೆಂಬರ್ 22. ಸಂಗೀತಗಾರರ ಪಾಲಕಿಯಾದ ಸಂತ ಸಿಸಿಲಿಯಮ್ಮನವರ ಹಬ್ಬ. ರೋಮ್ ನಗರದಲ್ಲಿ ಕ್ರೈಸ್ತರು ಹಿಂಸೆಗೆ ಒಳಗಾಗಿದ್ದ ಕಾಲದಲ್ಲಿ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿ ಇವರು. ಚಿತ್ರಗಳಲ್ಲಿ ಇವರ ಬಳಿ ಆರ್ಗನ್ನೋ ಪಿಟೀಲೋ ಕಾಣುತ್ತದೆ. ಆದರೆ ಧರ್ಮಸಭೆಯ ಪರಂಪರೆ ಹೇಳುವ ಕಥೆಯೇ ಬೇರೆ. ಮದುವೆಯ ದಿನ ಸುತ್ತಲೂ ವಾದ್ಯಗಳು ಮೊಳಗುತ್ತಿದ್ದಾಗ ಸಿಸಿಲಿಯಮ್ಮನವರು ತಮ್ಮ ಹೃದಯದೊಳಗೇ ದೇವರಿಗೆ ಹಾಡುತ್ತಿದ್ದರಂತೆ. ನುಡಿಸುತ್ತಿದ್ದವರು ಬೇರೆಯವರು. ಆದರೂ ನುಡಿಸುವವರೆಲ್ಲರಿಗೆ ಪಾಲಕಿಯಾದವರು ಮೌನವಾಗಿ ಹಾಡಿದ ಈ ತಾಯಿ. ಇದರ ಅರ್ಥವೇನೆಂದು ನಮ್ಮ ಬ್ಯಾಂಡಿನ ಮಕ್ಕಳ ಜೊತೆಯಲ್ಲಿ ಸ್ವಲ್ಪ ಧ್ಯಾನಿಸೋಣ.

ಮೊದಲನೆಯದಾಗಿ, ಶ್ರಮದ ಮಾತು. ಸಂಖ್ಯಾಕಾಂಡದ ಹತ್ತನೆಯ ಅಧ್ಯಾಯದಲ್ಲಿ ದೇವರು ಮೋಶೆಗೆ ಎರಡು ಬೆಳ್ಳಿಯ ತುತ್ತೂರಿಗಳನ್ನು ಮಾಡಿಸಲು ಆಜ್ಞಾಪಿಸುತ್ತಾರೆ. ಅವು ಸುತ್ತಿಗೆಯಿಂದ ಬಡಿದು ಮಾಡಿದವಾಗಿರಬೇಕು. ಎರಡನ್ನೂ ಊದಿದರೆ ಇಡೀ ಜನಸಮೂಹ ಕೂಡಬೇಕು, ಒಂದನ್ನು ಮಾತ್ರ ಊದಿದರೆ ಮುಖಂಡರು ಬರಬೇಕು. ಜನರನ್ನು ಒಟ್ಟುಗೂಡಿಸುವ ದನಿ ಹೊರಡುವ ಮೊದಲು ಆ ಬೆಳ್ಳಿ ಎಷ್ಟು ಪೆಟ್ಟು ತಿಂದಿತ್ತೋ!

ನಮ್ಮ ಮಕ್ಕಳೂ ಹಾಗೆಯೇ. ಬ್ಯೂಗಲ್‌ಗೆ ಒತ್ತುವ ಗುಂಡಿಗಳಿಲ್ಲ. ಇರುವ ನಾಲ್ಕೈದು ಸ್ವರಗಳನ್ನು ತುಟಿಯ ಬಿಗಿತದಿಂದ, ಉಸಿರಿನ ಬಲದಿಂದಲೇ ಹೊರಡಿಸಬೇಕು. ಮೊದಮೊದಲು ಬರುವುದು ಬರೀ ಗಾಳಿ, ಆಮೇಲೆ ಎಮ್ಮೆಕರುವಿನ ಕೂಗು! ಗೆಳೆಯರು ನಗುತ್ತಾರೆ. ತುಟಿ ಊದಿಕೊಳ್ಳುತ್ತದೆ. ಡ್ರಮ್ಮಿನ ಪಟ್ಟಿ ಹೆಗಲ ಮೇಲೆ ಗುರುತು ಮೂಡಿಸುತ್ತದೆ. ಎಡಗೈ ಬಲಗೈಯಷ್ಟೇ ಚುರುಕಾಗಲು ತಿಂಗಳುಗಳು ಬೇಕು. ಇಷ್ಟೆಲ್ಲ ಆದ ಮೇಲೆ ಆಗಸ್ಟ್ 15ರಂದು ಧ್ವಜದ ಮುಂದೆ ನುಡಿಸುವ ರಾಷ್ಟ್ರಗೀತೆಯ ಅವಧಿ ಸುಮಾರು 52 ಸೆಕೆಂಡು. ಅಷ್ಟು ಹೊತ್ತಿಗಾಗಿ ಎಷ್ಟು ಸಂಜೆಗಳು! ಲೋಕದ ಲೆಕ್ಕದಲ್ಲಿ ಇದು ನಷ್ಟ. ಆದರೆ ಮೂರು ವರ್ಷದ ಬಹಿರಂಗ ಸೇವೆಗಾಗಿ ನಜರೇತಿನಲ್ಲಿ ಸುಮಾರು ಮೂವತ್ತು ವರ್ಷ ಮರೆಯಾಗಿ ಬಾಳಿದ ಪ್ರಭುವಿನ ಶಿಷ್ಯರಾದ ನಮಗೆ ಈ ಲೆಕ್ಕ ಹೊಸದಲ್ಲ.

ಎರಡನೆಯದಾಗಿ, ಕೇಳಿಸಿಕೊಳ್ಳುವ ಮಾತು. ನಮ್ಮ ತಂಡದಲ್ಲಿ ಕಂಚಿನ ತಾಳ ಹಿಡಿದವರನ್ನು ಗಮನಿಸಿದ್ದೀರಾ? ಎಷ್ಟೋ ಹೊತ್ತು ಸುಮ್ಮನೆ ನಿಂತಿರುತ್ತಾರೆ. ನೋಡುವವರಿಗೆ, ಇವರಿಗೇನು ಕೆಲಸವಿಲ್ಲವೇ ಎನಿಸಬಹುದು. ಆದರೆ ಅವರು ಒಳಗೇ ಎಣಿಸುತ್ತಿರುತ್ತಾರೆ: ಒಂದು, ಎರಡು, ಮೂರು, ನಾಲ್ಕು. ಎಣಿಕೆ ತಪ್ಪಿ ಒಂದು ಹೆಜ್ಜೆ ಮೊದಲೇ ಬಡಿದರೆ ಎಲ್ಲರ ಶ್ರಮವೂ ಕೆಟ್ಟಂತೆ. ಇತರರು ನುಡಿಸುವಾಗ ಹೃದಯದೊಳಗೆ ತಾಳ ಕಾಯುವ ಆ ಮಗುವೇ ನಮ್ಮ ನಡುವಿನ ಸಿಸಿಲಿಯಮ್ಮ. ಬ್ಯಾಂಡಿನಲ್ಲಿ ಮೌನವೂ ಒಂದು ಕೆಲಸ. ಕುಟುಂಬದಲ್ಲಿ, ಧರ್ಮಕೇಂದ್ರದ ಸಭೆಗಳಲ್ಲಿ ಎಲ್ಲರೂ ಒಟ್ಟಿಗೆ ಮಾತನಾಡಿ ಯಾರೂ ಕೇಳಿಸಿಕೊಳ್ಳದಿರುವಾಗ ಈ ಪಾಠ ದೊಡ್ಡವರಿಗೂ ಬೇಕು.

ಗುಂಪಿನಲ್ಲಿ ಕಿವಿಯೊಂದೇ ಸಾಲದು, ಕಣ್ಣೂ ಬೇಕು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ಆದ್ದರಿಂದ ಮೈದಾನದ ಆಚೆಯ ಗೋಡೆಗೆ ಬಡಿದು ಮರಳುವ ದನಿ ತಡವಾಗಿ ಬರುತ್ತದೆ. ಅದನ್ನು ನಂಬಿ ಹೆಜ್ಜೆ ಹಾಕಿದರೆ ತಾಳ ಜಾರುತ್ತದೆ. ಅದಕ್ಕೇ ಬ್ಯಾಂಡ್ ಮಾಸ್ಟರರು, 'ನಾಯಕನ ಕೋಲನ್ನು ನೋಡಿ' ಎಂದು ಮತ್ತೆ ಮತ್ತೆ ಹೇಳುವುದು. ಲೋಕದ ಪ್ರತಿಧ್ವನಿಗಳ ನಡುವೆ ನಮ್ಮ ಕಣ್ಣು ಯಾರ ಮೇಲಿದೆ? ಕ್ರಿಸ್ತನ ಮೇಲಿದೆಯೇ?

ಮೂರನೆಯದಾಗಿ, ಪ್ರತಿಫಲದ ಮಾತು. ಶೀಲ್ಡು ಸಿಗಬಹುದು, ಸಿಗದೆಯೂ ಇರಬಹುದು. ನಿಜವಾದ ಪ್ರತಿಫಲ ಕಪಾಟಿನಲ್ಲಿ ಇಡುವಂಥದ್ದಲ್ಲ. ಪೂರ್ವಕಾಲ ವೃತ್ತಾಂತದ ಮೊದಲನೆಯ ಗ್ರಂಥದಲ್ಲಿ ದಾವೀದರಸರು ದೇವಾಲಯದ ಸೇವೆಗೆ ನೇಮಿಸಿದ ಸಂಗೀತಗಾರರ ಲೆಕ್ಕವಿದೆ: ಒಟ್ಟು 288 ಮಂದಿ, 24 ವರ್ಗಗಳು. ಅವರ ಸರದಿಯನ್ನು ಗೊತ್ತುಮಾಡಲು ಚೀಟಿ ಹಾಕಿದಾಗ ಚಿಕ್ಕವರು ದೊಡ್ಡವರು, ಗುರು ಶಿಷ್ಯರು ಎಂಬ ಭೇದವಿರಲಿಲ್ಲ. ನಮ್ಮ ಬ್ಯಾಂಡಿನಲ್ಲೂ ಹಾಗೆಯೇ. ಕೂಲಿ ಮಾಡುವವರ ಮಗಳು, ಅಂಗಡಿಯವರ ಮಗ, ಹಿಂದೂ, ಮುಸ್ಲಿಂ, ಕ್ರೈಸ್ತ ಮಕ್ಕಳು ಒಂದೇ ಸಾಲಿನಲ್ಲಿ ಒಂದೇ ಹೆಜ್ಜೆ ಹಾಕುತ್ತಾರೆ. ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳಲು ನಡುಗುವ ಮಗು ಊರ ಬೀದಿಯಲ್ಲಿ ತಲೆಯೆತ್ತಿ ನಡೆಯುತ್ತದೆ. 'ನಾನಿಲ್ಲದಿದ್ದರೆ ಈ ಸಾಲು ಅಪೂರ್ಣ, ಆದರೆ ನಾನೊಬ್ಬನೇ ಸಾಲಲ್ಲ' ಎಂದು ಕಲಿಯುತ್ತದೆ. ಸಂತ ಪೌಲರು ಕೊರಿಂಥದವರಿಗೆ ಒಂದೇ ದೇಹದ ಹಲವು ಅಂಗಗಳ ಬಗ್ಗೆ ಬರೆದದ್ದನ್ನು ಈ ಮಕ್ಕಳು ಮೈಯಿಂದಲೇ ಕಲಿಯುತ್ತಿದ್ದಾರೆ.

ಪ್ರಿಯ ತಂದೆತಾಯಿಯರೇ, ನವೆಂಬರ್ ತಿಂಗಳೆಂದರೆ ಹತ್ತನೇ ತರಗತಿಯವರ ಮನೆಗಳಲ್ಲಿ ಆತಂಕ ಶುರುವಾಗುವ ಕಾಲ. 'ಬ್ಯಾಂಡು ಸಾಕು, ಟ್ಯೂಷನ್‌ಗೆ ಹೋಗು' ಎಂಬ ಮಾತು ಕೇಳಿಬರುತ್ತದೆ. ಅಂಕಗಳು ಬೇಡವೆಂದು ನಾವು ಹೇಳುವುದಿಲ್ಲ. ಬಡ ಮನೆಯ ಮಗುವಿಗೆ ಅಂಕವೇ ಏಣಿ ಎಂಬುದು ನಮಗೆ ಗೊತ್ತು. ಅಭ್ಯಾಸದ ಸಮಯವನ್ನು ಕಡಿಮೆ ಮಾಡೋಣ, ಶಿಕ್ಷಕರೊಡನೆ ಕುಳಿತು ಮಾತನಾಡೋಣ. ಆದರೆ ದಿನವಿಡೀ ಓದಿ ದಣಿದ ಮಗುವಿಗೆ ಉಸಿರು ಬಿಡಲು ಇರುವ ಆ ಒಂದು ಗಂಟೆಯನ್ನು ಅದರ ಮಾತು ಕೇಳದೆ ಕಿತ್ತುಕೊಳ್ಳುವುದು ಬೇಡ. ಸಹನೆ, ಸಮಯಪಾಲನೆ, ಸೋತರೂ ಮರುದಿನ ಬರುವ ಛಲ ಇವು ಅಂಕಪಟ್ಟಿಯಲ್ಲಿ ಕಾಣದಿದ್ದರೂ ಬದುಕಿನ ಪರೀಕ್ಷೆಯಲ್ಲಿ ಕೈಹಿಡಿಯುತ್ತವೆ.

ಸಮಾರಂಭ ನಡೆಸುವವರಿಗೂ ಒಂದು ವಿನಂತಿ. ಅತಿಥಿಗಳು ತಡವಾದರೆ ಮಕ್ಕಳು ಬಿಸಿಲಿನಲ್ಲಿ ನಿಲ್ಲುವಂತಾಗಬಾರದು. ಅವರಿಗೆ ನೆರಳು, ನೀರು, ತಿಂಡಿ ಮೊದಲು ಸಿಗಲಿ. ಬೂಟು, ಸಮವಸ್ತ್ರಕ್ಕೆ ಹಣವಿಲ್ಲವೆಂದು ಯಾವ ಮಗುವೂ ಹೊರಗುಳಿಯದಿರಲಿ. ಬ್ಯಾಂಡು ನಮ್ಮ ಆಡಂಬರಕ್ಕಾಗಿ ಅಲ್ಲ. 1903ರಲ್ಲಿ, ಇದೇ ನವೆಂಬರ್ 22ರ ಹಬ್ಬದಂದು, ವಿಶ್ವಗುರು ಸಂತ ಹತ್ತನೇ ಪಯಸ್‌ರವರು ಪವಿತ್ರ ಸಂಗೀತದ ಕುರಿತು ನಿಯಮಗಳನ್ನು ಹೊರಡಿಸಿದರು. ದೇವಾಲಯದೊಳಗೆ ಬ್ಯಾಂಡು ನುಡಿಸುವುದನ್ನು ಅವರು ನಿಷೇಧಿಸಿದರು. ಹೊರಗಿನ ಮೆರವಣಿಗೆಯಲ್ಲಿ, ಲೌಕಿಕ ಹಾಡುಗಳನ್ನು ನುಡಿಸದಿದ್ದರೆ, ಧರ್ಮಾಧ್ಯಕ್ಷರು ಅನುಮತಿ ಕೊಡಬಹುದೆಂದರು. ಮುಂದೆ 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ, ಆರಾಧನೆಗೆ ತಕ್ಕ ಇತರ ವಾದ್ಯಗಳಿಗೂ ಅಧಿಕಾರವುಳ್ಳವರ ಒಪ್ಪಿಗೆಯೊಂದಿಗೆ ಬಾಗಿಲು ತೆರೆಯಿತು. ನಿಯಮ ಸಡಿಲವಾದರೂ ಪ್ರಶ್ನೆ ಅದೇ: ಈ ನಾದ ಯಾರ ಮಹಿಮೆಗಾಗಿ?

ಮಕ್ಕಳೇ, ಡಿಸೆಂಬರಿನಲ್ಲಿ ಕ್ರಿಸ್ಮಸ್, ಜನವರಿಯಲ್ಲಿ ಗಣರಾಜ್ಯೋತ್ಸವ ನಿಮ್ಮನ್ನು ಕಾದಿವೆ. ತುಟಿ ನೋಯುವಾಗ, ಕೈ ಸೋಲುವಾಗ ಆ ನೋವನ್ನೇ ಪ್ರಭುವಿಗೆ ಕಾಣಿಕೆಯಾಗಿ ಒಪ್ಪಿಸಿ. ನುಡಿಸುವ ಸರದಿ ನಿಮ್ಮದಲ್ಲದಾಗ ಪಕ್ಕದವರ ನಾದವನ್ನು ಆಲಿಸಿ, ನಿಮ್ಮ ಎಣಿಕೆಯನ್ನು ಬಿಡಬೇಡಿ. ಹೃದಯದಲ್ಲಿ ಹಾಡಿದ ಸಂತ ಸಿಸಿಲಿಯಮ್ಮನವರು ನಿಮಗಾಗಿ, ನಿಮ್ಮ ಗುರುಗಳಿಗಾಗಿ, ನಿಮ್ಮನ್ನು ಕಾಯುವ ತಾಯ್ತಂದೆಯರಿಗಾಗಿ ಪ್ರಾರ್ಥಿಸಲಿ. ನಮ್ಮೆಲ್ಲರ ಬಾಳು ದೇವರಿಗೆ ಪ್ರಿಯವಾದ ಒಂದೇ ನಾದವಾಗಲಿ. ಆಮೆನ್.