ಚೀಟಿ ಬರೆದ ಮೇಲೆ ಯಾರು ನೋಡ್ತಾರೆ?



ಗಸಗಸೆ ಪಾಯಸ ಯಾರಿಗೆ ಗೊತ್ತಿಲ್ಲ ಹೇಳಿ? ಹಬ್ಬದ ಊಟದಲ್ಲಿ ಎರಡು ಲೋಟ ಕುಡಿದು ಮಧ್ಯಾಹ್ನ ಹಾಸಿಗೆ ಹಾಸೋದು ನಮ್ಮ ಮನೆಗಳ ಸಂಪ್ರದಾಯ. ಆ ಗಸಗಸೆ ಬಿಡುವ ಗಿಡ ಇದೆಯಲ್ಲ, ಅದರ ಹಸಿ ಕಾಯಿಗೆ ಗೀರು ಹಾಕಿದರೆ ಬಿಳಿ ಹಾಲು ಒಸರುತ್ತೆ. ಆ ಹಾಲು ಗಟ್ಟಿಯಾದರೆ ಅಫೀಮು. ಅಫೀಮಿನಿಂದ ತೆಗೆದದ್ದು ಮಾರ್ಫಿನ್. ಮಾರ್ಫಿನ್‌ನಂತೆಯೇ ಮೆದುಳಿನ ಮೇಲೆ ಕೆಲಸ ಮಾಡುವ ಔಷಧಿಗಳಿಗೆಲ್ಲ ಸೇರಿಸಿ ಒಪಿಯಾಯ್ಡ್ ಅಂತ ಹೆಸರು. ಟ್ರಮಡಾಲ್, ಟಪೆಂಟಡಾಲ್, ಫೆಂಟನಿಲ್ ಎಲ್ಲ ಅದೇ ಗುಂಪಿನವು.

ಅಫೀಮು ಅಂದ ತಕ್ಷಣ ಪೊಲೀಸು, ದಾಳಿ, ಕೈಕೋಳ ನೆನಪಾಗುತ್ತೆ. ಇವತ್ತು ನಾನು ಆ ಕಥೆ ಹೇಳ್ತಾ ಇಲ್ಲ. ಡಾಕ್ಟರು ಚೀಟಿಯಲ್ಲಿ ಬರೆದು, ಮೆಡಿಕಲ್ ಶಾಪಿನಲ್ಲಿ ಬಿಲ್ ಕೊಟ್ಟು ತಂದ ಮಾತ್ರೆಯ ಕಥೆ ಹೇಳ್ತೀನಿ. ಯಾಕಂದ್ರೆ ಮಂಡಿ ನೋವು, ಸೊಂಟ ನೋವು ಇಲ್ಲದ ಮನೆಯೇ ಇಲ್ಲ. ಈ ಮಾತ್ರೆ ಯಾವತ್ತಾದರೂ ನಿಮ್ಮ ಮನೆ ಬಾಗಿಲಿಗೂ ಬರಬಹುದು.

ಮೊದಲು ಅಮೆರಿಕದ ಕಡೆ ನೋಡೋಣ. 1980ರ ಜನವರಿಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಅನ್ನೋ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಸಣ್ಣ ಪತ್ರ ಬಂತು. ಐದೇ ಐದು ವಾಕ್ಯ. ಆಸ್ಪತ್ರೆಯಲ್ಲಿ ಮಲಗಿದ್ದ 11,882 ರೋಗಿಗಳಿಗೆ ಇಂಥ ಔಷಧಿ ಕೊಟ್ಟೆವು, ಹೊಸದಾಗಿ ಚಟ ಹತ್ತಿದ್ದು ನಾಲ್ಕು ಜನಕ್ಕೆ ಮಾತ್ರ ಅನ್ನೋದು ಅದರ ಸಾರ. ಬರೆದವರು ಸುಳ್ಳು ಹೇಳಲಿಲ್ಲ. ಆದರೆ ಅವರು ನೋಡಿದ್ದು ಆಸ್ಪತ್ರೆಯ ಹಾಸಿಗೆಯ ಮೇಲೆ, ನರ್ಸ್ ಕಣ್ಣೆದುರಿಗೆ ಔಷಧಿ ತಗೊಂಡವರನ್ನ. ಮನೆಗೆ ಹೋಗಿ ತಿಂಗಳುಗಟ್ಟಲೆ ನುಂಗಿದವರನ್ನ ಅಲ್ಲ.

ಮುಂದೆ ಆಗಿದ್ದೇನು ಗೊತ್ತಾ? ಆ ಐದು ವಾಕ್ಯ 600ಕ್ಕೂ ಹೆಚ್ಚು ಲೇಖನಗಳಲ್ಲಿ ಉಲ್ಲೇಖವಾಯಿತು. ಹೆಚ್ಚಿನವರು ಅದನ್ನ 'ಚಟ ಹತ್ತೋದು ಬಹಳ ಅಪರೂಪ' ಅನ್ನೋದಕ್ಕೆ ಸಾಕ್ಷಿಯಾಗಿ ಬಳಸಿದರು. ಆಸ್ಪತ್ರೆಯ ರೋಗಿಗಳು ಅನ್ನೋ ಮಾತನ್ನೇ ಬಹುತೇಕರು ಬಿಟ್ಟುಬಿಟ್ಟರು. 2017ರಲ್ಲಿ ಅದೇ ಪತ್ರಿಕೆ ಈ ಲೆಕ್ಕವನ್ನ ಪ್ರಕಟಿಸಿತು. ಅಷ್ಟೊತ್ತಿಗೆ ಊರೆಲ್ಲ ಕೊಳ್ಳೆ ಹೋಗಿತ್ತು.

1996ರಲ್ಲಿ ಪರ್ಡ್ಯೂ ಫಾರ್ಮಾ ಕಂಪನಿ ಆಕ್ಸಿಕಾಂಟಿನ್ ಅನ್ನೋ ಮಾತ್ರೆಯನ್ನ ಮಾರುಕಟ್ಟೆಗೆ ಬಿಟ್ಟಿತು. ನಿಧಾನಕ್ಕೆ ಕರಗುತ್ತೆ, ಹಾಗಾಗಿ ದುರುಪಯೋಗದ ಅಪಾಯ ಕಡಿಮೆ ಅನ್ನೋದು ಪ್ರಚಾರ. ಕಂಪನಿಯ ಪ್ರತಿನಿಧಿಗಳು ಯಾರ ಬಾಗಿಲು ತಟ್ಟಿದರು? ದೊಡ್ಡ ನೋವು ತಜ್ಞರ ಬಾಗಿಲನ್ನಷ್ಟೇ ಅಲ್ಲ, ಸಾಮಾನ್ಯ ಫ್ಯಾಮಿಲಿ ಡಾಕ್ಟರ ಬಾಗಿಲನ್ನೂ ತಟ್ಟಿದರು. ಆ ಡಾಕ್ಟರಿಗೆ ಒಬ್ಬ ರೋಗಿಗೆ ಕೊಡೋಕೆ ಇರೋದು ಹತ್ತು ಹದಿನೈದು ನಿಮಿಷ. ಎದುರಿಗೆ ಹತ್ತು ವರ್ಷದ ಬೆನ್ನು ನೋವು ಹೊತ್ತು ಬಂದ ಮನುಷ್ಯ. ಚೀಟಿ ಬರೆಯೋದೇ ಸುಲಭ ಆಗಿತ್ತು. ಬರೆದರು.

2007ರಲ್ಲಿ ಆ ಕಂಪನಿಯ ಅಂಗಸಂಸ್ಥೆ ಮತ್ತು ಮೂವರು ಹಿರಿಯ ಅಧಿಕಾರಿಗಳು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು. 60 ಕೋಟಿ ಡಾಲರ್‌ಗಿಂತ ಹೆಚ್ಚು ದಂಡ ಬಿತ್ತು. ಆದರೂ ಚೀಟಿ ನಿಲ್ಲಲಿಲ್ಲ. 2012ರಲ್ಲಿ ಆ ದೇಶದಲ್ಲಿ ಬರೆದ ಒಪಿಯಾಯ್ಡ್ ಚೀಟಿಗಳು ಸುಮಾರು 25 ಕೋಟಿ. 1999ರಿಂದ 2021ರವರೆಗೆ ಒಪಿಯಾಯ್ಡ್ ಅತಿಯಾಗಿ ಸೇವಿಸಿ ಸತ್ತವರು 6 ಲಕ್ಷಕ್ಕೂ ಹೆಚ್ಚು. ಡಾಕ್ಟರು ಬರೆದ ಮಾತ್ರೆ, ಹೆರಾಯಿನ್, ಕಳ್ಳ ಫೆಂಟನಿಲ್ ಎಲ್ಲ ಸೇರಿಸಿದ ಲೆಕ್ಕ ಇದು.

ಇಷ್ಟು ಹೇಳಿ ನಿಲ್ಲಿಸಿದರೆ ಕಥೆ ಅರ್ಧ. ಇನ್ನರ್ಧ ಕೇಳಿ.

2016ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಸಿಡಿಸಿ, ಪ್ರಾಥಮಿಕ ಚಿಕಿತ್ಸೆಯ ಡಾಕ್ಟರುಗಳಿಗೆ ಮಾರ್ಗಸೂಚಿ ಕೊಟ್ಟಿತು. ದಿನಕ್ಕೆ 90 ಮಿಲಿಗ್ರಾಂ ಮಾರ್ಫಿನ್‌ಗೆ ಸಮನಾದ ಪ್ರಮಾಣ ದಾಟಿಸಬೇಡಿ, ದಾಟಿಸುವುದಾದರೆ ತುಂಬ ಯೋಚನೆ ಮಾಡಿ ಅಂತ ಅದರಲ್ಲಿತ್ತು. ಅದು ಸಲಹೆ. ಆದರೆ ವಿಮಾ ಕಂಪನಿಗಳು, ಕೆಲವು ರಾಜ್ಯಗಳು, ಹೆದರಿದ ಡಾಕ್ಟರುಗಳು ಅದನ್ನ ಲಕ್ಷ್ಮಣ ರೇಖೆ ಮಾಡಿಬಿಟ್ಟರು. ವರ್ಷಗಟ್ಟಲೆ ಮಾತ್ರೆ ತಗೊಂಡು ದೇಹ ಒಗ್ಗಿಹೋದವರಿಗೆ 'ನಾಳೆಯಿಂದ ಇಲ್ಲ' ಅಂದರು. ಆ ದೇಹದ ಗತಿ ಏನು? ಮೈಯೆಲ್ಲ ನಡುಕ, ವಾಂತಿ, ಭೇದಿ, ನಿದ್ದೆ ಇಲ್ಲ, ಹಳೇ ನೋವು ದುಪ್ಪಟ್ಟು. ಕೆಲವರು ಬೀದಿಯ ಮಾಲಿನ ಕಡೆ ಹೋದರು. ಕೆಲವರು ಜೀವ ಕಳೆದುಕೊಂಡರು. 2019ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 'ಏಕಾಏಕಿ ನಿಲ್ಲಿಸಬೇಡಿ' ಅಂತ ಎಚ್ಚರಿಕೆ ಕೊಡಬೇಕಾಯಿತು. 2022ರಲ್ಲಿ ಸಿಡಿಸಿ ತನ್ನ ಮಾರ್ಗಸೂಚಿಯನ್ನೇ ತಿದ್ದಿತು.

ನೋಡಿ, ಮೊದಲು ಕೇಳಿದವರಿಗೆಲ್ಲ ಕೊಟ್ಟರು. ಆಮೇಲೆ ಬೇಕಾದವರಿಂದಲೂ ಕಿತ್ತುಕೊಂಡರು. ಎರಡೂ ಸಲ ಬಿಟ್ಟುಹೋದದ್ದು ಒಂದೇ: ಚೀಟಿ ಬರೆದ ಮೇಲೆ ರೋಗಿಯನ್ನ ಹಿಂಬಾಲಿಸಿ ನೋಡುವ ಕಣ್ಣು.

ಹಾಗಾದರೆ ದಾರಿ ಏನು? ಎರಡು ಪ್ರಯೋಗಗಳ ವಿಷಯ ಹೇಳ್ತೀನಿ. ಎರಡೂ ಅಮೆರಿಕದವೇ.

ಮೊದಲನೆಯದು 2018ರಲ್ಲಿ ಪ್ರಕಟವಾಯಿತು. ದೀರ್ಘಕಾಲದ ಬೆನ್ನು ನೋವು, ಮಂಡಿ ಅಥವಾ ಸೊಂಟದ ಕೀಲು ಸವೆತ ಇದ್ದ 240 ಮಾಜಿ ಸೈನಿಕರನ್ನ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಒಪಿಯಾಯ್ಡ್. ಇನ್ನೊಂದಕ್ಕೆ ಪ್ಯಾರಾಸಿಟಮಾಲ್, ಉರಿಯೂತದ ಮಾತ್ರೆ ಇಂಥವು. ಒಂದು ವರ್ಷ ನೋಡಿದರು. ಓಡಾಟ, ಕೆಲಸ, ನಿದ್ದೆ ಇವುಗಳಿಗೆ ನೋವು ಎಷ್ಟು ಅಡ್ಡಿ ಮಾಡುತ್ತೆ ಅಂತ ಅಳೆದಾಗ ಎರಡೂ ಗುಂಪು ಸಮ. ನೋವಿನ ತೀವ್ರತೆ ಮಾತ್ರ ಒಪಿಯಾಯ್ಡ್ ತಗೊಳ್ಳದವರಿಗೇ ಸ್ವಲ್ಪ ಕಡಿಮೆ! ಅಡ್ಡ ಪರಿಣಾಮ ಒಪಿಯಾಯ್ಡ್ ಗುಂಪಿನಲ್ಲಿ ಹೆಚ್ಚು. ಅಂದರೆ ಮಂಡಿ ನೋವಿಗೆ ಮೊದಲೇ ಬ್ರಹ್ಮಾಸ್ತ್ರ ಹಿಡಿಯಬೇಕಾಗಿಲ್ಲ.

ಎರಡನೆಯದು ಬಾಸ್ಟನ್‌ನದು, 2017ರಲ್ಲಿ ಬಂದದ್ದು. ಬಡವರು ಹೆಚ್ಚಾಗಿ ಬರುವ ನಾಲ್ಕು ಪ್ರಾಥಮಿಕ ಚಿಕಿತ್ಸಾ ಕೇಂದ್ರ, 53 ಡಾಕ್ಟರುಗಳು ಮತ್ತು ನರ್ಸ್‌ಗಳು, ಈಗಾಗಲೇ ಒಪಿಯಾಯ್ಡ್ ತಗೊಳ್ತಾ ಇದ್ದ 985 ರೋಗಿಗಳು. ಅರ್ಧ ಡಾಕ್ಟರುಗಳಿಗೆ ಕಂಪ್ಯೂಟರಿನಲ್ಲಿ ಒಂದಿಷ್ಟು ಸಲಹೆ ಸಿಗೋ ಹಾಗೆ ಮಾಡಿದರು, ಅಷ್ಟೇ. ಇನ್ನರ್ಧ ಮಂದಿಗೆ ಅದರ ಜೊತೆಗೆ ಮೂರು ಸೌಕರ್ಯ ಕೊಟ್ಟರು. ಈ ರೋಗಿಗಳನ್ನ ನೋಡಿಕೊಳ್ಳೋಕೆ ಅಂತಲೇ ಒಬ್ಬ ನರ್ಸ್. ಯಾರು ಯಾವಾಗ ಎಷ್ಟು ತಗೊಂಡರು ಅಂತ ತೋರಿಸುವ ದಾಖಲೆ ಪುಸ್ತಕ, ಕಂಪ್ಯೂಟರಿನಲ್ಲೇ. ಮತ್ತೆ, ತಜ್ಞರೊಬ್ಬರು ಡಾಕ್ಟರ ಜೊತೆ ಎದುರುಬದುರು ಕೂತು ಮಾತಾಡೋ ವ್ಯವಸ್ಥೆ.

ಒಂದು ವರ್ಷದ ಮೇಲೆ ನೋಡಿದರೆ, ನರ್ಸ್ ಇದ್ದ ಕಡೆ ಮೂವರಲ್ಲಿ ಇಬ್ಬರು ರೋಗಿಗಳಿಗೆ ನಿಯಮದ ಪ್ರಕಾರ ಚಿಕಿತ್ಸೆ ಸಿಕ್ಕಿತ್ತು: ಬರವಣಿಗೆಯ ಒಪ್ಪಂದ, ಮೂತ್ರ ಪರೀಕ್ಷೆ. ಇನ್ನೊಂದು ಕಡೆ ಐವರಲ್ಲಿ ಇಬ್ಬರಿಗೂ ಸಿಕ್ಕಿರಲಿಲ್ಲ. ಮಾತ್ರೆಯ ಪ್ರಮಾಣ ಇಳಿದವರೂ ನರ್ಸ್ ಇದ್ದ ಕಡೆಯೇ ಹೆಚ್ಚು. ಆದರೆ ಅವಧಿಗೆ ಮೊದಲೇ ಮಾತ್ರೆ ಮುಗಿಸಿ ಮತ್ತೆ ಕೇಳಲು ಬರೋದು ಮಾತ್ರ ಎರಡೂ ಕಡೆ ಒಂದೇ ಥರ ಇತ್ತು. ಎಲ್ಲ ಒಂದೇ ಏಟಿಗೆ ಸರಿಹೋಗಲ್ಲ. ಆದರೂ ನನಗೆ ಹಿಡಿಸಿದ್ದು ಇದು: ಅಲ್ಲಿ ಹೊಸ ಔಷಧಿ ಕಂಡುಹಿಡಿಯಲಿಲ್ಲ, ಯಾರನ್ನೂ ಜೈಲಿಗೆ ಹಾಕಲಿಲ್ಲ. ಒಬ್ಬ ನರ್ಸ್, ಒಂದು ಲೆಕ್ಕದ ಪುಸ್ತಕ. ಅಷ್ಟೇ.

ಈಗ ನಮ್ಮ ಮನೆಗೆ ಬರೋಣ. ಕಾನೂನುಬದ್ಧವಾಗಿ ಅಫೀಮು ಬೆಳೆಯುವ ದೇಶ ನಮ್ಮದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದಲ್ಲಿ ಲೈಸೆನ್ಸ್ ಪಡೆದ ರೈತರು ಬೆಳೀತಾರೆ. ನೀಮಚ್, ಗಾಜಿಪುರದಲ್ಲಿ ಸರ್ಕಾರಿ ಕಾರ್ಖಾನೆಗಳಿವೆ. ಇಷ್ಟಿದ್ದೂ 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ಬಂದ ಮೇಲೆ ಏನಾಯ್ತು? ಕಾಯ್ದೆ ತಂದಿದ್ದು ಕಳ್ಳ ದಂಧೆ ತಡೆಯೋಕೆ. ಆದರೆ ಲೈಸೆನ್ಸ್ ಮೇಲೆ ಲೈಸೆನ್ಸ್, ಕಠಿಣ ಶಿಕ್ಷೆಯ ಭಯ. ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳೋದನ್ನೇ ಬಿಟ್ಟವು. ಮುಂದಿನ ಹನ್ನೆರಡು ವರ್ಷದಲ್ಲಿ ದೇಶದಲ್ಲಿ ಚಿಕಿತ್ಸೆಗೆ ಬಳಸುವ ಮಾರ್ಫಿನ್ ಶೇಕಡ 90ಕ್ಕೂ ಹೆಚ್ಚು ಕುಸಿಯಿತು. ಕ್ಯಾನ್ಸರಿನ ಕೊನೇ ಹಂತದಲ್ಲಿ ಇದ್ದವರು ರಾತ್ರಿಯೆಲ್ಲ ಕಿರುಚಿಕೊಂಡೇ ಸತ್ತರು. ಅಂಥ ಸಾವು ಸುದ್ದಿ ಆಗಲ್ಲ ನೋಡಿ.

ಈ ಭಯಕ್ಕೆ ಉತ್ತರ ಬಂದಿದ್ದು ಪಕ್ಕದ ಕೇರಳದಿಂದ. 1993ರಲ್ಲಿ ಕೋಝಿಕ್ಕೋಡ್‌ನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಅವರ ಸಂಗಡಿಗರು ನೋವು ಶಮನದ ಸಂಸ್ಥೆ ಕಟ್ಟಿದರು. ಮಾರ್ಫಿನ್ ಕೊಡ್ತಾರೆ, ಜೊತೆಗೆ ರೋಗಿಯ ಮನೆಗೆ ಹೋಗ್ತಾರೆ, ಊರಿನ ಸ್ವಯಂಸೇವಕರು ವಿಚಾರಿಸಿಕೊಳ್ತಾರೆ. ಬಾಸ್ಟನ್‌ನ ನರ್ಸ್ ಮಾಡಿದ್ದೂ ಇದನ್ನೇ ತಾನೇ? ಹಿಂಬಾಲಿಸಿ ನೋಡೋದು! ಇವರೆಲ್ಲರ ಹೋರಾಟದಿಂದ 2014ರಲ್ಲಿ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ಬಂತು, ಲೈಸೆನ್ಸ್ ಗೋಜಲು ಕಡಿಮೆ ಆಯ್ತು. ನಮ್ಮ ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೇ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ಸಿಗುತ್ತೆ. ಆದರೆ ತಾಲ್ಲೂಕು ಊರಿನ ಕ್ಯಾನ್ಸರ್ ರೋಗಿಗೆ ಮಾರ್ಫಿನ್ ಈಗಲೂ ಸುಲಭದ ಮಾತಲ್ಲ.

ಇನ್ನೊಂದು ಕಡೆ ನೋಡಿ. ಟ್ರಮಡಾಲ್ ದುರುಪಯೋಗ ಎಷ್ಟು ಬೆಳೆಯಿತು ಅಂದರೆ 2018ರಲ್ಲಿ ಅದನ್ನೂ ಎನ್‌ಡಿಪಿಎಸ್ ಕೆಳಗೆ ತರಬೇಕಾಯಿತು. ಟಪೆಂಟಡಾಲ್ ಜೊತೆ ಕ್ಯಾರಿಸೊಪ್ರೊಡಾಲ್ ಬೆರೆಸಿದ ಮಾತ್ರೆ ನಮ್ಮ ದೇಶದಿಂದ ಪಶ್ಚಿಮ ಆಫ್ರಿಕಾಕ್ಕೆ ಹೋಗಿ ಅಲ್ಲಿನ ಯುವಕರನ್ನ ಹಾಳು ಮಾಡ್ತಾ ಇರೋದನ್ನ ಬಿಬಿಸಿ ಬಯಲಿಗೆಳೆದ ಮೇಲೆ, 2025ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅದರ ತಯಾರಿಕೆ, ರಫ್ತಿಗೆ ತಡೆ ಹಾಕಿತು. ಸಾಯುವವನಿಗೆ ಸಿಗದ ಔಷಧಿ, ಚಟಕ್ಕೆ ಮಾತ್ರ ಧಾರಾಳ. ಇದಕ್ಕೆ ಏನನ್ನಬೇಕು ನೀವೇ ಹೇಳಿ.

ನನ್ನ ಅಭಿಪ್ರಾಯ ಸ್ಪಷ್ಟ. ಸರ್ಕಾರಕ್ಕೆ ನಿಜವಾಗ್ಲೂ ಕಾಳಜಿ ಇದ್ದರೆ ದಾಳಿಯ ಜೊತೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್‌ಗೆ ತರಬೇತಿ ಕೊಡಲಿ. ಬಿ.ಪಿ., ಶುಗರ್ ರೋಗಿಗಳ ಪಟ್ಟಿ ಇಡೋ ಹಾಗೆ ನೋವಿನ ಮಾತ್ರೆ ತಗೊಳ್ಳೋರ ಪಟ್ಟಿಯನ್ನೂ ಇಡಲಿ. ತಿಂಗಳಿಗೊಮ್ಮೆ 'ಹೇಗಿದ್ದೀರಮ್ಮ, ನಡೆಯೋಕೆ ಆಗುತ್ತಾ, ಮಾತ್ರೆ ಎಷ್ಟು ಉಳಿದಿದೆ?' ಅಂತ ಒಬ್ಬರು ಕೇಳಲಿ.

ನಿಮಗೂ ಒಂದಿಷ್ಟು ಹೇಳ್ತೀನಿ, ಮನೆಯಲ್ಲಿ ಹಿರಿಯರಿದ್ದರೆ ಗಮನವಿಟ್ಟು ಕೇಳಿ. ನೋವಿನ ಮಾತ್ರೆಯ ಸ್ಟ್ರಿಪ್ ಮೇಲೆ ಕೆಂಪಕ್ಷರದ ಗುರುತು ಇದೆಯಾ ನೋಡಿ. ಇದ್ದರೆ ಡಾಕ್ಟರನ್ನ ಕೇಳಿ: ಇದು ಯಾಕೆ? ಎಷ್ಟು ದಿನ? ನಿಲ್ಲಿಸೋದು ಹೇಗೆ? ನಿದ್ದೆ ಮಾತ್ರೆ ತಗೊಳ್ತಾ ಇದ್ದರೆ, ಮದ್ಯ ಕುಡಿಯೋ ಅಭ್ಯಾಸ ಇದ್ದರೆ ಮುಚ್ಚಿಡಬೇಡಿ. ಒಪಿಯಾಯ್ಡ್ ಜೊತೆ ಇವು ಸೇರಿದರೆ ಉಸಿರೇ ನಿಲ್ಲಬಹುದು. ಫಿಟ್ಸ್ ಇದ್ದವರಿಗೆ ಟ್ರಮಡಾಲ್ ಅಪಾಯ, ಅದನ್ನೂ ಹೇಳಿ. ಪಕ್ಕದ ಮನೆಯವರಿಗೆ ಹಿಡಿಸಿತು ಅಂತ ಅವರ ಮಾತ್ರೆ ನುಂಗಬೇಡಿ. ಹಳೇ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋಗಬೇಡಿ. ತಿಂಗಳುಗಟ್ಟಲೆ ತಗೊಳ್ತಾ ಇದ್ದೀರಾ? ಈ ಮಾತು ಕೇಳಿ ಹೆದರಿ ಇವತ್ತೇ ಬಿಟ್ಟುಬಿಡಬೇಡಿ. ಡಾಕ್ಟರ ಹತ್ತಿರ ಹೋಗಿ, ಹಂತ ಹಂತವಾಗಿ ಇಳಿಸಲಿ. ಮತ್ತೆ, ಮನೆಯಲ್ಲಿ ಕ್ಯಾನ್ಸರಿನಿಂದ ನರಳ್ತಾ ಇರೋರು ಇದ್ದರೆ 'ಮಾರ್ಫಿನ್ ಅಂದ್ರೆ ಡ್ರಗ್ಸ್' ಅಂತ ದೂರ ತಳ್ಳಬೇಡಿ. ಸರಿಯಾದ ಪ್ರಮಾಣದಲ್ಲಿ, ಬಲ್ಲವರ ಕೈಯಲ್ಲಿ, ಅದು ನೆಮ್ಮದಿಯ ನಿದ್ದೆ ಕೊಡುತ್ತೆ.

ನೋವು ತಿನ್ನೋನಿಗೆ ಎರಡು ಭಯ. ಒಂದು ನೋವಿನದು, ಇನ್ನೊಂದು ನನ್ನನ್ನ ಯಾರೂ ಕೇಳೋರಿಲ್ಲವಲ್ಲ ಅನ್ನೋದು. ಮಾತ್ರೆ ಮೊದಲನೆಯದನ್ನ ಕಡಿಮೆ ಮಾಡಬಹುದು. ಎರಡನೆಯದಕ್ಕೆ ಮನುಷ್ಯರೇ ಬೇಕು.