ಕಳೆ ಎಂದರೆ ಯಾವುದು?

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿ, ಕೃಷಿ ಓದಿ, ಮೂವತ್ತು ವರ್ಷ ಕಳೆಗಳ ಮೇಲೆಯೇ ಕೆಲಸ ಮಾಡಿದವನು ನಾನು. "ಅಷ್ಟು ಓದಿ ಕೊನೆಗೆ ಕಳೆ ಕೀಳೋಕೇ ಬಂದೆಯಲ್ಲೋ" ಎಂದು ನಮ್ಮಜ್ಜಿ ನಗುತ್ತಿದ್ದರು. ಅಜ್ಜಿ ಹೇಳಿದ್ದು ಸರಿ. ಹಾಗಾಗಿ ಇವತ್ತು ನಿಮ್ಮ ಮುಂದೆ ನಾನು ಮಾತನಾಡಬಹುದಾದ ವಿಷಯವೂ ಅದೊಂದೇ.

ಬೇಡದ ಜಾಗದಲ್ಲಿ ಬೆಳೆದ ಗಿಡವೇ ಕಳೆ ಎಂದು ನಮ್ಮ ಪುಸ್ತಕಗಳು ಹೇಳುತ್ತವೆ. ಆದರೆ ಬೇಡ ಎನ್ನುವವರು ಯಾರು? ರಾಗಿ ಹೊಲದ ಅಣ್ಣೆಸೊಪ್ಪು ನನ್ನ ದಾಖಲೆ ಪುಸ್ತಕದಲ್ಲಿ ಕಳೆ. ಕಳೆ ಕೀಳಲು ಹೋದ ತಾಯಂದಿರ ಮಡಿಲಿನಲ್ಲಿ ಅದೇ ಗಿಡ, ಗೋಣಿಸೊಪ್ಪು, ಗಣಿಕೆ, ಹೊನಗೊನೆಯ ಜೊತೆ ಸೇರಿ ಸಂಜೆಯ ಬೆರಕೆ ಸೊಪ್ಪಿನ ಸಾರು. ಕಾಸು ಕೊಡದೆ ಮನೆಗೆ ಬರುತ್ತಿದ್ದ ತರಕಾರಿ ಅದು.

ಕಳೆ ಬೆಳೆಯಾಗಿ ಬದಲಾದದ್ದೂ ಉಂಟು. ಯುರೋಪಿನಲ್ಲಿ ರೊಟ್ಟಿಗೆ ಬಳಸುವ ರೈ ಎಂಬ ಧಾನ್ಯ ಮೊದಲು ಗೋಧಿ ಹೊಲದ ಕಳೆಯಾಗಿತ್ತು ಎಂದು ರಷ್ಯಾದ ವಿಜ್ಞಾನಿ ನಿಕೊಲಾಯ್ ವಾವಿಲೋವ್ ತೋರಿಸಿಕೊಟ್ಟರು. ಚಳಿ ಹೆಚ್ಚಿರುವ ಸೀಮೆಯಲ್ಲಿ ಗೋಧಿ ಸೋತಾಗ ರೈ ಉಳಿಯಿತು. ರೈತರು ಉಳಿದದ್ದನ್ನೇ ಕೊಯ್ದು ಬಿತ್ತತೊಡಗಿದರು.

ಇನ್ನು ಕೆಲವು ಕಳೆಗಳು ಬೆಳೆಯ ವೇಷ ಹಾಕುತ್ತವೆ. ಕಾಡುರಾಗಿಯ ಎಳೆ ಪೈರನ್ನೂ ರಾಗಿಯ ಪೈರನ್ನೂ ಪಕ್ಕಪಕ್ಕ ಇಟ್ಟರೆ ಅನುಭವಿಗಳೇ ತಡವರಿಸುತ್ತಾರೆ. ಭತ್ತದ ಗದ್ದೆಯಲ್ಲಿಯೂ ಇಂಥದೊಂದು ಹುಲ್ಲಿದೆ. ಬೇರೆಯಾಗಿ ಕಂಡ ಗಿಡವನ್ನು ನಾವು ಕಿತ್ತೆವು, ಭತ್ತದಂತೆ ಕಂಡದ್ದು ತಪ್ಪಿಸಿಕೊಂಡು ಬೀಜ ಉದುರಿಸಿತು. ನೂರಾರು ವರ್ಷ ಹೀಗೆ ನಡೆದು, ಆ ಹುಲ್ಲಿಗೆ ಭತ್ತದ ರೂಪ ಕೊಟ್ಟವರು ಕಳೆ ಕೀಳುವ ನಾವೇ.

ಔಷಧಿ ಹೊಡೆದರೂ ಇದೇ ಕಥೆ. ಪಂಜಾಬ್, ಹರಿಯಾಣದ ಗೋಧಿ ಹೊಲಗಳಲ್ಲಿ ಫಲಾರಿಸ್ ಎಂಬ ಹುಲ್ಲಿದೆ. ಅದರ ಮೇಲೆ ಐಸೊಪ್ರೊಟ್ಯುರಾನ್ ಎಂಬ ಒಂದೇ ಕಳೆನಾಶಕವನ್ನು ವರ್ಷಾನುವರ್ಷ ಹೊಡೆದರು. ಸಾಯದ ಕೆಲವು ಗಿಡಗಳು ಬೀಜ ಕಟ್ಟುತ್ತಾ ಹೋದವು. 1990ರ ದಶಕದ ಆರಂಭಕ್ಕೆ ಎಷ್ಟೋ ಹೊಲಗಳಲ್ಲಿ ಆ ಔಷಧಿ ಕೆಲಸ ಮಾಡುವುದನ್ನೇ ನಿಲ್ಲಿಸಿತು. ಕಳೆಗೆ ಬುದ್ಧಿ ಇಲ್ಲ, ಆದರೆ ತಾಳ್ಮೆ ಇದೆ.

ಆ ತಾಳ್ಮೆ ಎಷ್ಟು ಎಂಬುದಕ್ಕೆ ಮಕ್ಕಳಿಗೊಂದು ಪ್ರಯೋಗ ಹೇಳುತ್ತೇನೆ. 1879ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಬೀಲ್ ಎಂಬ ಮೇಷ್ಟ್ರು 20 ಬಾಟಲಿಗಳಲ್ಲಿ ಮರಳಿನ ಜೊತೆ ಕಳೆಬೀಜ ತುಂಬಿ ನೆಲದಲ್ಲಿ ಹೂತರು. ಆಗಾಗ ಒಂದೊಂದು ಬಾಟಲಿ ತೆಗೆದು ಮೊಳೆಸಿ ನೋಡುವುದು ಯೋಜನೆ. ಬೀಲ್ ತೀರಿಕೊಂಡರು, ಅವರ ನಂತರದವರೂ ತೀರಿಕೊಂಡರು, ಪ್ರಯೋಗ ಮಾತ್ರ ನಡೆದೇ ಇದೆ. 2021ರಲ್ಲಿ ತೆಗೆದ ಬಾಟಲಿಯಲ್ಲಿಯೂ ಕೆಲವು ಬೀಜ ಮೊಳೆತವು. 142 ವರ್ಷ ಮಣ್ಣಿನೊಳಗೆ ಕಾದಿದ್ದ ಬೀಜ! ಕೊನೆಯ ಬಾಟಲಿ ತೆಗೆಯುವುದು 2100ರಲ್ಲಿ. ನಮ್ಮ ಶಾಲೆಗೆ 50 ತುಂಬಿತೆಂದು ನಾವು ಹಿಗ್ಗುತ್ತೇವೆ, ಕಳೆಬೀಜಕ್ಕೆ ಅದು ಒಂದು ನಿದ್ದೆ.

ಹುಲ್ಲುಗಾವಲಿನದು ಇನ್ನೊಂದು ಪಾಠ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1856ರಿಂದ ಒಂದೇ ಹುಲ್ಲುಗಾವಲನ್ನು ತಾಕುಗಳಾಗಿ ಮಾಡಿ ಬೇರೆ ಬೇರೆ ಗೊಬ್ಬರ ಹಾಕಿ ನೋಡುತ್ತಿದ್ದಾರೆ. ಏನೂ ಹಾಕದ ತಾಕಿನಲ್ಲಿ ಹುಲ್ಲು ಕಡಿಮೆ, ಆದರೆ ಗಿಡದ ಜಾತಿಗಳು ಹತ್ತಾರು. ಸುಣ್ಣ ಹಾಕದೆ ಅಮೋನಿಯಂ ಸಲ್ಫೇಟನ್ನೇ ಸುರಿದ ತಾಕಿನಲ್ಲಿ ಉಳಿದದ್ದು ಎರಡೋ ಮೂರೋ ಜಾತಿ. ಯಾರೂ ಅಲ್ಲಿ ಏನನ್ನೂ ಕೀಳಲಿಲ್ಲ. ಗೊಬ್ಬರದ ಚೀಲವೇ ಯಾವ ಗಿಡ ಇರಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸಿತು.

ಈಗ ನಮ್ಮ ಹೊಲಕ್ಕೆ ಬರೋಣ. ನಮ್ಮ ಹಿರಿಯರು ರಾಗಿಯನ್ನು ಒಂಟಿಯಾಗಿ ಬಿತ್ತುತ್ತಿರಲಿಲ್ಲ. ಕೂರಿಗೆಯಲ್ಲಿ ರಾಗಿ ಬಿತ್ತಿ, ನಡುನಡುವೆ ಅಕ್ಕಡಿ ಸಾಲು ಹಾಕುತ್ತಿದ್ದರು. ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಹರಳು, ಒಂದಿಷ್ಟು ಜೋಳ. ಮಳೆ ರಾಗಿಗೆ ಕೈಕೊಟ್ಟರೆ ಅವರೆ ಕೈಹಿಡಿಯುತ್ತಿತ್ತು. ಅವರೆ, ತೊಗರಿಯ ಬೇರಿನ ಗಂಟು ನೆಲಕ್ಕೆ ಸಾರಜನಕ ಕೊಡುತ್ತಿತ್ತು. ಹುಚ್ಚೆಳ್ಳಿನ ಹೂವಿಗೆ ಜೇನು ಬರುತ್ತಿತ್ತು.

ಈಚೆಗೆ ಅಕ್ಕಡಿ ಸಾಲು ಕಾಣೆಯಾಗುತ್ತಿದೆ. ಕಾರಣ ಹಲವು. ಅದರಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ಅದು ನನ್ನ ಕಸುಬಿನದು. 2,4-ಡಿ ಎಂಬ ಕಳೆನಾಶಕ ಅಗಲ ಎಲೆಯ ಗಿಡಗಳನ್ನು ಕೊಲ್ಲುತ್ತದೆ, ಹುಲ್ಲಿನ ಜಾತಿಯನ್ನು ಉಳಿಸುತ್ತದೆ. ರಾಗಿ ಹುಲ್ಲಿನ ಜಾತಿ, ಬದುಕುತ್ತದೆ. ಅವರೆ, ತೊಗರಿ, ಹುಚ್ಚೆಳ್ಳು ಅಗಲ ಎಲೆಯವು. ಔಷಧಿಗೆ ಅಣ್ಣೆಸೊಪ್ಪೂ ಒಂದೇ, ಅವರೆಯೂ ಒಂದೇ. ಅಂದರೆ ಇದನ್ನು ಹೊಲಕ್ಕೆಲ್ಲ ಹೊಡೆಯಲು ತೀರ್ಮಾನಿಸಿದ ದಿನವೇ ಅಕ್ಕಡಿ ಬೇಡ ಎಂದೂ ತೀರ್ಮಾನಿಸಿದಂತೆ. ಗಾಳಿಗೆ ಅದು ಪಕ್ಕದವರ ತೊಗರಿ, ಟೊಮೆಟೊ ಹೊಲಕ್ಕೂ ಹಾರುತ್ತದೆ.

ಹಾಗೆಂದು ಔಷಧಿ ಹೊಡೆಯುವವರನ್ನು ನಾನು ಬೈಯುವುದಿಲ್ಲ. ಕೂಲಿಗೆ ಆಳು ಸಿಗುವುದಿಲ್ಲ. ಬಗ್ಗಿ ಬಗ್ಗಿ ಸೊಂಟ ಹಿಡಿದವರು ನಮ್ಮ ತಾಯಂದಿರೇ. ಕಳೆ ಕೀಳುವುದು ಚೆಂದದ ಕೆಲಸ ಎಂದು ಬದುವಿನ ಮೇಲೆ ನಿಂತು ಹೇಳುವುದು ಸುಲಭ. ನನ್ನ ಮಾತು ಇಷ್ಟೇ: ಬೆಳೆಗೆ ಕಳೆಯಿಂದ ಹೆಚ್ಚು ಪೆಟ್ಟು ಬೀಳುವುದು ಬಿತ್ತಿದ ಮೊದಲ ನಾಲ್ಕರಿಂದ ಆರು ವಾರಗಳಲ್ಲಿ. ಆ ಹೊತ್ತಿಗೆ ಎಡೆಕುಂಟೆ ಹೊಡೆದು, ಸಾಲಿನ ಒಳಗಿನದನ್ನು ಒಮ್ಮೆ ಕೈಯಲ್ಲಿ ತೆಗೆದರೆ, ಆಮೇಲೆ ಹುಟ್ಟುವ ಕಳೆಯನ್ನು ರಾಗಿಯ ನೆರಳೇ ಅದುಮುತ್ತದೆ. ಎತ್ತು ಇಲ್ಲದವರಿಗೆ ನಿಂತುಕೊಂಡೇ ತಳ್ಳುವ ಸೈಕಲ್ ಕುಂಟೆ ಇದೆ. ನಾಲ್ಕು ಮನೆಯವರು ಸೇರಿ ಒಂದನ್ನು ಇಟ್ಟುಕೊಳ್ಳಬಹುದು. ಹೊಲವೆಲ್ಲ ಬೇಡ, ಒಂದು ಎಕರೆಯಲ್ಲಾದರೂ ಅಕ್ಕಡಿ ಉಳಿಸಿ. ಬಿತ್ತನೆ ಕಾಳು ಊರಿನಲ್ಲಿ ಒಮ್ಮೆ ತಪ್ಪಿದರೆ ಮತ್ತೆ ಕೂಡಿಸುವುದು ಕಷ್ಟ.

ಎಲ್ಲ ಕಳೆಯನ್ನೂ ಮುದ್ದು ಮಾಡಿ ಎನ್ನುತ್ತಿಲ್ಲ. ನಾವು ಕಾಂಗ್ರೆಸ್ ಗಿಡ ಎನ್ನುವ ಪಾರ್ಥೇನಿಯಂಗೆ ನನ್ನಲ್ಲಿ ಕರುಣೆ ಇಲ್ಲ. 1950ರ ದಶಕದಲ್ಲಿ ಪುಣೆಯಲ್ಲಿ ಕಂಡುಬಂದ ಈ ಗಿಡ ದೇಶವನ್ನೇ ಹಬ್ಬಿತು. ಮೈ ತುರಿಕೆ, ಉಬ್ಬಸ ತರುತ್ತದೆ, ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಅದರ ತವರಾದ ಮೆಕ್ಸಿಕೊದಿಂದ ತಂದ ಜೈಗೊಗ್ರಾಮ ಎಂಬ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಪಾರ್ಥೇನಿಯಂ ಎಲೆ ಜಾಲರಿಯಂತೆ ಕಂಡರೆ ಅದು ಆ ಪಟ್ಟೆ ದುಂಬಿಯ ಕೆಲಸ, ಅದನ್ನು ಕೊಲ್ಲಬೇಡಿ. ದುಂಬಿಯೊಂದರಿಂದಲೇ ಎಲ್ಲ ಆಗದು. ಹೂ ಬಿಡುವ ಮೊದಲು, ನೆಲ ಹಸಿಯಿರುವಾಗ, ಕೈಗವಸು ಹಾಕಿ ಬೇರುಸಹಿತ ಕೀಳಬೇಕು. ಇದು ದೊಡ್ಡವರ ಕೆಲಸ, ಮಕ್ಕಳಿಂದ ಬರಿಗೈಯಲ್ಲಿ ಕೀಳಿಸಬೇಡಿ ಎಂದು ಶಿಕ್ಷಕರಲ್ಲಿ ವಿನಂತಿ.

ಮಕ್ಕಳಿಗೆ ಬೇರೆ ಕೆಲಸ ಇದೆ. ಮುಂದಿನ ಮುಂಗಾರಿನಲ್ಲಿ ಒಂದು ದೊಡ್ಡ ಪುಸ್ತಕ ತೆರೆಯಿರಿ. ನಿಮ್ಮ ಅಜ್ಜಿಯರ ಜೊತೆ ಹೊಲ, ಗೋಮಾಳ, ಕೆರೆಯಂಗಳ ಸುತ್ತಿ. ಒಂದು ಪುಟಕ್ಕೆ ಒಂದು ಗಿಡ ಒಣಗಿಸಿ ಅಂಟಿಸಿ. ಅದರ ಹೆಸರು, ಎಲ್ಲಿ ಸಿಕ್ಕಿತು, ತಿನ್ನುತ್ತಾರೋ ಇಲ್ಲವೋ, ದನ ಮುಟ್ಟುತ್ತದೋ ಇಲ್ಲವೋ, ಎಲ್ಲ ಬರೆಯಿರಿ. ಹೆಸರು ಹೇಳಬಲ್ಲ ಅಜ್ಜಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಗಿಡದ ಬೀಜ ಮಣ್ಣಿನಲ್ಲಿ ಕಾಯುತ್ತದೆ, ಹೆಸರು ಕಾಯುವುದಿಲ್ಲ. ಪುಸ್ತಕಕ್ಕೂ ರಟ್ಟಿಗೂ ಆಗುವ ಖರ್ಚು ನನ್ನದು. ಶತಮಾನೋತ್ಸವಕ್ಕೆ ಬರುವವರು ಅದನ್ನು ತೆರೆದು ನೋಡಲಿ.