ಪರದೇಶದ ಓದು, ಕಬ್ಬಿನ ಬಿಲ್ಲು
(ದಾನೋಳಿಯಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳ ಭಾಷಣ)



ಅಡಸಾಲಿ ಕಬ್ಬಿಗೆ ಒಂದೂವರೆ ವರ್ಷದ ಲೆಕ್ಕ ಹಾಕುವ ನೀವು, ಮಕ್ಕಳ ಪರದೇಶದ ಓದಿಗೂ ಅಷ್ಟೇ ಮೊದಲು ಲೆಕ್ಕ ಹಾಕಿರಿ. ಅಲ್ಲಿ ಬಹುತೇಕ ಕಾಲೇಜು ಸೆಪ್ಟೆಂಬರಿಗೆ ಶುರು. ನಮ್ಮ ಹಂಗಾಮು ದೀಪಾವಳಿಯ ಹೊತ್ತಿಗೆ. ಆದ್ದರಿಂದ ಫೀಗೆ ಹಿಂದಿನ ಹಂಗಾಮಿನ ಬಿಲ್ಲನ್ನೇ ತೆಗೆದಿಡಬೇಕು. ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಫೀ ಇಲ್ಲ, ನಿಜ. ಆದರೆ ವೀಸಾಕ್ಕೆ ವರ್ಷದ ಖರ್ಚು 11,904 ಯೂರೋ ಮೊದಲೇ ಖಾತೆಯಲ್ಲಿ ತೋರಿಸಬೇಕು.

'ಹೊಲವಿದೆ, ಸಾಲ ಸಿಗುತ್ತದೆ' ಎನ್ನಬೇಡಿರಿ. ಏಳೂವರೆ ಲಕ್ಷದ ಮೇಲೆ ಬ್ಯಾಂಕು ಸಾಮಾನ್ಯವಾಗಿ ಮನೆ, ಪ್ಲಾಟು, ಠೇವಣಿ ಒತ್ತೆ ಕೇಳುತ್ತದೆ. 2002ರ ಸರ್ಫೇಸಿ ವಸೂಲಿ ಕಾಯದೆ ಬೇಸಾಯದ ಭೂಮಿಗೆ ಅನ್ವಯಿಸದ್ದರಿಂದ ಹೊಲದ ಉತಾರವನ್ನು ಅನೇಕ ಬ್ಯಾಂಕುಗಳು ಒಪ್ಪುವುದಿಲ್ಲ. ಹೊಲ ಉಳಿಯಿತಲ್ಲ, ಅದೂ ಒಳ್ಳೆಯದೇ! ಓದು ಮುಗಿಯುವವರೆಗೆ ಸಾಲದ ಕಂತು ಇರುವುದಿಲ್ಲ; ಬಡ್ಡಿ ಮಾತ್ರ ಏರುತ್ತಲೇ ಇರುತ್ತದೆ.

ಪರಿಶಿಷ್ಟ ಜಾತಿಯ ಮಕ್ಕಳಿಗೆ ರಾಜರ್ಷಿ ಶಾಹೂ ಮಹಾರಾಜರ ಹೆಸರಿನ ಸರಕಾರಿ ಶಿಷ್ಯವೃತ್ತಿ ಇದೆ. ಸಮಾಜಕಲ್ಯಾಣ ಕಚೇರಿಯಲ್ಲಿ ಮೊದಲು ವಿಚಾರಿಸಿರಿ.